ಮೂವತ್ತಮೂರು ಭಾನುವಾರಗಳು

೧೮ ಫೆಬ್ರವರಿ, ಸೋಮವಾರ
ಪ್ರಯೋಗಾಲಯದಿಂದ

ಮುದ್ದಿನ ಕರಡಿಮರಿಗೆ,

ದಕ್ಷಿಣ ಧ್ರುವದ ಕಡೆ ಕರಡಿಯೇ ಇಲ್ಲ ಎಂದು ನೀನು ಎಷ್ಟು ಸಲ ತಿದ್ದಿದರೂ ನನಗೆ ನೀನು ಕರಡಿಮರಿಯೇ. ಈ ಪತ್ರ ನಿನ್ನ ಸಂಶೋಧನಾ ಹಡಗಿಗೆ ಸಾಮಾನು ತರುವ ನೌಕೆಯಲ್ಲಿ ಬರುತ್ತಿದೆ. ಅದು ಎರಡು ದಿನ ನಿಂತು ವಾಪಸಾಗುತ್ತದೆ. ಆಮೇಲೆ ಸಮುದ್ರ ಹೆಪ್ಪುಗಟ್ಟಿದರೆ ಅಕ್ಟೋಬರ್‌ವರೆಗೆ ಯಾರೂ ಬರುವ ಹಾಗಿಲ್ಲ, ಹೋಗುವ ಹಾಗಿಲ್ಲ. ಆದ್ದರಿಂದ ಆಮೇಲೆ ಓದೋಣವೆಂದು ದಿಂಬಿನ ಕೆಳಗೆ ಇಡಬೇಡ.

ಮೊದಲು ನನ್ನ ತಪ್ಪು. ನಿನ್ನಪ್ಪನಿಗೆ ಆಗಿದ್ದು ಬರೀ ಗಂಟಲುನೋವಲ್ಲ, ಕ್ಯಾನ್ಸರ್. ಜನವರಿ ಒಂಬತ್ತರಂದು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅದಕ್ಕೆ ಮೊದಲು ನಾಲ್ಕು ದಿನ ಅವರನ್ನು ನನ್ನ ಧ್ವನಿಮುದ್ರಣದ ಕೋಣೆಯಲ್ಲಿ ಕೂರಿಸಿ ಎರಡು ಸಾವಿರ ವಾಕ್ಯ ಓದಿಸಿದೆ. "ಯಾರು ಬರೆದಿದ್ದು ಇವನ್ನ? ತಲೆಬುಡ ಇಲ್ಲ" ಎಂದು ಬೈಯುತ್ತಲೇ ಓದಿದರು. ಕಳೆದ ಐದು ಭಾನುವಾರ ನೀನು ಕೇಳಿದ ಅಪ್ಪನ ಧ್ವನಿ ನನ್ನ ಯಂತ್ರದ್ದು. ಅವರು ಸ್ಲೇಟಿನ ಮೇಲೆ ಬರೆದರು, ನಾನು ಟೈಪು ಮಾಡಿದೆ, ಯಂತ್ರ ಮಾತಾಡಿತು.

ನೀನು ಅನುಮಾನಪಡಲಿಲ್ಲ, ಏಕೆಂದರೆ ಅವರೊಬ್ಬರಿಗೇ ಗೊತ್ತಿದ್ದ ರಹಸ್ಯ ಕೀಲಿಯಿಂದ ಕಂಪ್ಯೂಟರಿನಲ್ಲಿ ಒತ್ತುವ ಮುದ್ರೆ ಪ್ರತಿ ಸಂದೇಶದಲ್ಲೂ ಇತ್ತು. ಆ ಮುದ್ರೆಯಿಲ್ಲದೆ ಮನೆಯಿಂದ ಬಂದ ಯಾವ ಸಂದೇಶವನ್ನೂ ನಂಬಬಾರದೆಂದು ನೀನು ಹೊರಟಾಗ ನಿಯಮ ಮಾಡಿದವರು ಅವರೇ. ಧ್ವನಿ ಸೃಷ್ಟಿಸುವುದೇ ನನ್ನ ಕಸುಬಲ್ಲವೇ? "ಕಳ್ಳೀನ ಮನೇಲೇ ಇಟ್ಕೊಂಡು ಬೀಗ ಹಾಕದೆ ಇರೋಕಾಗತ್ತಾ" ಎಂದು ನಗಿಸಿದ್ದರು. ಗೂಢಲಿಪಿ ಕಲಿಸುವ ಮೇಷ್ಟ್ರ ತಮಾಷೆಯೂ ಹಾಗೇ ಇರುತ್ತದೆ.

ಎರಡನೇ ವಾರ ನೀನು, ಅಪ್ಪ ಕೆಮ್ಮುತ್ತಲೇ ಇಲ್ಲವಲ್ಲ ಎಂದು ಬರೆದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರ ಹಳೆಯ ಧ್ವನಿಮುದ್ರಣಗಳಿಂದ ಮೂರು ಕೆಮ್ಮು ಕತ್ತರಿಸಿ ತೆಗೆದು ಮಾತಿನ ಮಧ್ಯೆ ಸೇರಿಸಿದೆ. ಬಿಸಿನೀರು ಕುಡಿಯಲು ಹೇಳಮ್ಮ ಎಂದು ನೀನು ಉತ್ತರಿಸಿದೆ. ಆ ದಿನ ನಾಚಿಕೆಯಿಂದ ಊಟ ಸೇರಲಿಲ್ಲ.

ಈಗ ಶ್ವಾಸಕೋಶಕ್ಕೂ ಹಬ್ಬಿದೆ. ಆರು ತಿಂಗಳೆಂದರೆ ಹೆಚ್ಚು ಎಂದರು ಡಾಕ್ಟರು. ವರದಿ ಓದಿ ಮಡಿಸಿಟ್ಟು, ನಿನ್ನಪ್ಪ ಸ್ಲೇಟಿನಲ್ಲಿ ಬರೆದದ್ದು ಇಷ್ಟೇ: "ಅವಳಿಗೆ ಹೇಳಬೇಡ. ಈ ಕೆಲಸಕ್ಕೆ ಮೂರು ವರ್ಷ ಕಾದಿದ್ದಾಳೆ." ಅದು ನಿಜ. ಮಂಜಿನಡಿಗೆ ನೀನು ಇಳಿಬಿಟ್ಟಿರುವ ಇಪ್ಪತ್ತೆರಡು ಉಪಕರಣಗಳು ಚಳಿಗಾಲ ಪೂರ್ತಿ ನೀರಿನ ಬಿಸಿ ಅಳೆಯಬೇಕು. ನೀನಿಲ್ಲದಿದ್ದರೆ ಆ ಕೆಲಸ ಅರ್ಧಕ್ಕೆ ನಿಂತೀತು. ಅದು ಸಣ್ಣದೆಂದು ನಾನು ಹೇಳುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಆದರೆ ಮೊನ್ನೆ ಅವರು ಒಂದು ನೋಟ್‌ಬುಕ್ಕನ್ನೂ ಒಂದು ಚೀಟಿಯನ್ನೂ ನನ್ನ ಕೈಗಿಟ್ಟರು. ಮೂವತ್ತು ವರ್ಷ ಹೆಂಡತಿಗೂ ತೋರಿಸದ ರಹಸ್ಯ ಕೀಲಿ ಆ ಚೀಟಿಯಲ್ಲಿತ್ತು. ನೋಟ್‌ಬುಕ್ಕಿನಲ್ಲಿ ಮುಂದಿನ ಭಾನುವಾರದಿಂದ ಅಕ್ಟೋಬರ್‌ವರೆಗೆ ಮೂವತ್ತಮೂರು ವಾರದ ಸಂದೇಶಗಳನ್ನು ಬರೆದಿಟ್ಟಿದ್ದಾರೆ. ತಾವು ಇಲ್ಲದಿದ್ದರೂ ನಾನು ಒಂದೊಂದನ್ನೇ ಯಂತ್ರದಿಂದ ಹೇಳಿಸಿ, ಮುದ್ರೆ ಒತ್ತಿ, ಕಳಿಸುತ್ತಿರಬೇಕಂತೆ.

ಅಂದಿನಿಂದ ನನಗೆ ಜೀವ ಹಿಡಿಯಷ್ಟಾಗಿದೆ. ನಾನು ಅದನ್ನು ಮಾಡಬಲ್ಲೆ, ಅದೇ ಭಯ. ಯಂತ್ರ ಚೆನ್ನಾಗಿದೆ, ಕೀಲಿ ನನ್ನಲ್ಲಿದೆ, ನಿನಗೆ ಗೊತ್ತೇ ಆಗುವುದಿಲ್ಲ. ನಾನು ಇಲ್ಲಿ ಒಬ್ಬಳೇ ಅಳುತ್ತಿರುವಾಗ ನೀನು ಅಲ್ಲಿ ಅಪ್ಪನ ಜೋಕಿಗೆ ನಗುತ್ತಿರುತ್ತೀಯ. ನಿಜವನ್ನು ಕಂಪ್ಯೂಟರಿನಲ್ಲೇ ತಿಳಿಸಬಹುದಿತ್ತು. ಆದರೆ ಅವರು ಬೇಡವೆಂದ ಮಾತಿಗೆ ಅವರದೇ ಮುದ್ರೆ ಒತ್ತಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಕಾಗದ, ನನ್ನ ಕೋಳಿಕಾಲಿನ ಅಕ್ಷರ.

ನಿರ್ಧಾರ ನಿನ್ನದು ಎಂದು ಬರೆಯಲೆಂದೇ ಕೂತಿದ್ದೆ. ಬರೆಯುತ್ತ ಬರೆಯುತ್ತ ಆ ಧೈರ್ಯ ಹೋಯಿತು. ಬಾ, ಮಗಳೇ. ಅವರು ಸಿಟ್ಟಾದರೆ ನಾನಿದ್ದೇನೆ, ನನ್ನನ್ನೇ ಬೈಯಲಿ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ಮರೆತ ಮಾತು: ಆಯಾ ವಾರದ್ದನ್ನು ಆಯಾ ವಾರವೇ ಓದಬೇಕೆಂದು ಅವರ ಕಟ್ಟಪ್ಪಣೆ. ಮೀರಿದೆ, ಕೊನೆಯ ಪುಟ ತೆರೆದೆ. ಅದರಲ್ಲಿ ಹೀಗಿದೆ: "ಹಡಗಿನಿಂದ ಇಳಿಯೋವಾಗ ಮೆಟ್ಟಿಲು ಜಾರತ್ತೆ, ನಿಧಾನ. ನಾನು ಬಂದರಿನಲ್ಲೇ ನಿಂತಿರ್ತೀನಿ." ಇದನ್ನು ಟೈಪು ಮಾಡಲು ನನ್ನಿಂದಾಗದು.