ತೊಟ್ಟಿಯೊಳಗಿನ ಹಸಿರು

ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕೂತಿದ್ದಕ್ಕೆ ಬೈದುಬಿಡು, ಆದರೆ ಮಾತು ಬಿಡಬೇಡ. ಶಾಲೆಯ ಕೆಲಸ ಎಂದು ನೆಪ ಹೇಳಬಹುದಿತ್ತು. ನಿಜವಾಗಿ ಬರೆಯಲು ಕೈ ಏಳಲಿಲ್ಲ. ನಿನ್ನ ಮಂಡಿನೋವು ಹೇಗಿದೆ?

ನಮ್ಮ ಶಾಲೆಗೆ ಮುಟ್ಟಿದರೆ ಉತ್ತರ ಕೊಡುವ ಸ್ಮಾರ್ಟ್ ಬೋರ್ಡ್ ಬಂದಿದೆ. ಊರಿನ ಕಸುಬುಗಳ ಮೂಲಕವೇ ವಿಜ್ಞಾನ ಕಲಿಸಿ ಎಂದು ಮೇಲಿನಿಂದ ಆದೇಶ. ನನಗೆ ಇನ್ನೇನು ಹೊಳೆಯಬೇಕು? ಅಮ್ಮ ಬಟ್ಟೆಗೆ ನೀಲಿ ಬಣ್ಣ ಹಾಕುವ ತೊಟ್ಟಿ. ತರಗತಿಗೆ ಬಾ ಎಂದಾಗ, "ಈ ವಯಸ್ಸಲ್ಲಿ ನನ್ನನ್ನ ಒಂದನೇ ಕ್ಲಾಸಿಗೆ ಸೇರಿಸ್ತೀಯಾ?" ಎಂದು ನಕ್ಕಳು. ಆದರೂ ಹಿಂದಿನ ದಿನ ಉಗುರಿನ ನೀಲಿ ಹೋಗಲೆಂದು ಕೈಗಳನ್ನು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಳು.

ಪಾಠದ ದಿನ ತಪಾಸಣೆಯ ಅಧಿಕಾರಿಯೂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೋರ್ಡಿನ ಮೇಲೆ, ತೊಟ್ಟಿಯಲ್ಲಿ ಅದ್ದಿದ ಬಟ್ಟೆಯನ್ನು ಮೇಲೆತ್ತಿದ ಕ್ಷಣ ಯಾವ ಬಣ್ಣವಿರುತ್ತದೆ ಎಂಬ ಪ್ರಶ್ನೆ, ಕೆಳಗೆ ನಾಲ್ಕು ಬಣ್ಣದ ಚೌಕಗಳು. ಮಕ್ಕಳು ಅಮ್ಮನನ್ನೇ ಮುಂದೆ ತಳ್ಳಿದರು. ಅವಳು ಹೆದರುತ್ತಲೇ ಹಸಿರು ಮುಟ್ಟಿದಳು. ಬೋರ್ಡು ಕೀಂ ಎಂದು ಕೂಗಿ ತಪ್ಪು ಗುರುತು ತೋರಿಸಿತು. ಇಡೀ ತರಗತಿ ನಕ್ಕಿತು.

ಬಟ್ಟೆ ಹಸಿರಾಗಿಯೇ ಮೇಲೆ ಬಂದು, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆಂದು ನಿನಗೂ ಗೊತ್ತು. ಪಾಠ ಇರುವುದೇ ಅಲ್ಲಿ. ಅವಸರದಲ್ಲಿ ಬೋರ್ಡಿಗೆ ಉತ್ತರ ನೀಲಿ ಎಂದು ತುಂಬಿದ್ದವಳು ನಾನು. ಅಧಿಕಾರಿಯ ಎದುರು ಹಾಗೆನ್ನಲು ಬಾಯಿ ಬರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು. "ನಂದೇ ತಪ್ಪಿರ್ಬೇಕು. ಮೇಡಂಗೆ ಗೊತ್ತಿರತ್ತೆ," ಎಂದಳು.

ಮರುದಿನ ಮಕ್ಕಳೆದುರು ನನ್ನ ತಪ್ಪು ಒಪ್ಪಿಕೊಂಡು ಉತ್ತರ ತಿದ್ದಿದೆ. "ಹಾಗಾದ್ರೆ ಆ ಅಜ್ಜೀನ ಮತ್ತೆ ಕರೀರಿ ಮಿಸ್, ಸಾರಿ ಕೇಳ್ಬೇಕು," ಎಂದರು. ಸಂಜೆ ಅದನ್ನು ಅಮ್ಮನಿಗೆ ಹೇಳಲು ಮನೆಗೆ ಓಡೋಡಿ ಬಂದರೆ ಅಂಗಳವೆಲ್ಲ ಒದ್ದೆ. ನಮ್ಮ ಅಜ್ಜಿಯ ಕಾಲದಿಂದ ದಿನವೂ ಕಲಕಿ, ಮಗುವಿನಂತೆ ಸಾಕಿಕೊಂಡು ಬಂದ ತೊಟ್ಟಿಯ ಹುದುಗು ಬಣ್ಣವನ್ನೆಲ್ಲ ಅಮ್ಮ ಚರಂಡಿಗೆ ಚೆಲ್ಲಿದ್ದಳು. "ಸೊಂಟ ಕೇಳಲ್ಲ ಕಣೇ, ಸಾಕು," ಎಂದಳಷ್ಟೆ. ಎಂದಿನಂತೆ ಊಟ ಬಡಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಸುಖವಾಗಿರಲಿ. ಬಿಡುವಾದರೆ ಒಮ್ಮೆ ಬಂದು ಅಮ್ಮನ ಹತ್ತಿರ ಕೂತು ಹೋಗು.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ಪಾಠಕ್ಕೆ ಮೊದಲು ಆ ಅಧಿಕಾರಿ, "ಇವ್ರು ನಿಮಗೇನಾಗ್ಬೇಕು?" ಎಂದು ಕೇಳಿದರು. "ಏನೂ ಇಲ್ಲ ಸಾರ್, ಇಲ್ಲೇ ಬಣ್ಣ ಹಾಕೋರು," ಎಂದುಬಿಟ್ಟೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. "ಹೌದು ಸಾರ್," ಎಂದು ತಲೆಯಾಡಿಸಿದಳು.