ತಾತನಿಗೆ ಇಟ್ಟ ಹೆಸರು

ಸೆಲ್ಯೋರ್, ೧೬ ಜನವರಿ ೨೦೧೧

ನನ್ನ ಮುದ್ದು ಮಾರೆನ್,

ನಿನಗೂ ನಿನ್ನ ಹೊಟ್ಟೆಯಲ್ಲಿರುವ ಪುಟಾಣಿಗೂ ಅಮ್ಮನ ಮುತ್ತುಗಳು. ಪತ್ರ ಟೈಪ್ ಮಾಡಿದ್ದೇನೆಂದು ಮುನಿಯಬೇಡ. ಚಳಿಗೆ ಬೆರಳು ಸೆಟೆದುಕೊಂಡಿವೆ.

ಮಗುವಿಗೆ ಇಡಲು ಮನೆತನದ ಹಳೆಯ ಹೆಸರು ಹುಡುಕಿಕೊಡು ಎಂದಿದ್ದೆಯಲ್ಲ, ಅದಕ್ಕೇ ಕುಳಿತೆ. ನೂರು ವರ್ಷ ಬೀಗದಲ್ಲಿದ್ದ ೧೯೧೦ರ ಜನಗಣತಿ ಕಳೆದ ತಿಂಗಳು ಬಯಲಾಯಿತು. ನೋಡದೇ ಇದ್ದಿದ್ದರೆ ಚೆನ್ನಾಗಿತ್ತು. ನನಗೆ ಭಯವಾಗಿದೆ, ಮಗಳೇ.

ನನ್ನ ಮುತ್ತಜ್ಜಿ ಗುನ್‌ಹಿಲ್ಡ್ ಎರಡು ಮದುವೆಯಾದವಳು. ಮೊದಲ ಗಂಡ ತಾರ್ಯೆ ಕುಣಿತದ ರೋಗದಿಂದ ಸತ್ತ. ಕೈಕಾಲು ತಾವಾಗಿ ಕುಣಿಯುತ್ತಿದ್ದವಂತೆ, ಕೊನೆಗೆ ಚಮಚ ಬಾಯಿಗೆ ತಲುಪುತ್ತಿರಲಿಲ್ಲವಂತೆ. ಅದು ರಕ್ತದಲ್ಲಿ ಇಳಿದು ಬರುವ ರೋಗ. ಎರಡನೆಯ ಗಂಡ ಆಸ್ಲಾಕ್ ಗುಂಡುಕಲ್ಲಿನ ಹಾಗಿದ್ದ. ನನ್ನ ತಾತ ಈ ಆಸ್ಲಾಕನ ಮಗ, ಹಾಗಾಗಿ ನಾವು ಬಚಾವಾದೆವು ಎಂದೇ ನಂಬಿದ್ದೆವು. ತಾತನ ಹೆಸರೂ ತಾರ್ಯೆ. ಆದರೆ ವಿಧವೆ ಮರುಮದುವೆಯಾದರೆ ಮೊದಲ ಗಂಡುಮಗುವಿಗೆ ಸತ್ತ ಗಂಡನ ಹೆಸರಿಡುವುದು ನಮ್ಮ ಕಡೆಯ ರೂಢಿಯಲ್ಲವೇ? ಮದುವೆ ಎಂದಾಯಿತೆಂದು ಯಾರೂ ಕೇಳಲಿಲ್ಲ.

ಗಣತಿಯವರು ಬಂದ ಆ ಡಿಸೆಂಬರಿನಲ್ಲಿ ಗುನ್‌ಹಿಲ್ಡ್ ಇನ್ನೂ ವಿಧವೆ, ಗಂಡ ಸತ್ತು ಕೆಲವೇ ತಿಂಗಳಾಗಿತ್ತು. ಮಡಿಲಲ್ಲಿ ಒಂದು ತಿಂಗಳ ಕೂಸು ತಾರ್ಯೆ, ಅಂದರೆ ನನ್ನ ತಾತ. ಆಸ್ಲಾಕನೂ ಅದೇ ಮನೆಯಲ್ಲಿದ್ದಾನೆ, ಮದುವೆಯಾಗದ ಆಳಾಗಿ. ಅಪ್ಪ ಸತ್ತ ಮೇಲೆ ಹುಟ್ಟಿದ ಮಗನಿಗೆ ಅಪ್ಪನ ಹೆಸರಿಡುವುದೂ ನಮ್ಮ ರೂಢಿಯೇ. ಅದನ್ನು ಮರೆತುಬಿಟ್ಟಿದ್ದೆವು. ತಾತ ಮೂವತ್ತೇಳನೇ ವಯಸ್ಸಿಗೆ ತಿಮಿಂಗಿಲ ಬೇಟೆಯಲ್ಲಿ ಸಮುದ್ರದ ಪಾಲಾದ, ಅವನ ಮಗಳು, ನನ್ನ ಅಮ್ಮ, ನಲವತ್ತಕ್ಕೆ ಕ್ಯಾನ್ಸರಿನಲ್ಲಿ ಹೋದಳು. ಈ ರೋಗ ತಲೆಯೆತ್ತುವಷ್ಟು ದಿನ ಇಬ್ಬರೂ ಬದುಕಲಿಲ್ಲ. ನನಗೀಗ ನಲವತ್ತೆಂಟು.

ತಾತನ ತಂಗಿ, ತೊಂಬತ್ತು ದಾಟಿದ ಬೆರ್ಗಿತ್ ಅಜ್ಜಿಯ ಬಳಿ ಓಡಿದೆ. ಮೊದಲ ಗಂಡ ಇರುವಾಗಲೇ ನಿಮ್ಮಮ್ಮನಿಗೂ ಆಸ್ಲಾಕನಿಗೂ ಏನಾದರೂ ಇತ್ತೇ ಎಂದು ಕೇಳಿಯೇಬಿಟ್ಟೆ. ಅಜ್ಜಿ ವಾಫಲ್ ತಟ್ಟೆಯನ್ನು ನನ್ನೆದುರಿನಿಂದ ಎಳೆದುಕೊಂಡಳು. “ಥೂ, ನಿನ್ ನಾಲಿಗೆಗಿಷ್ಟು! ನಮ್ಮಮ್ಮ ದೇವರಂಥೋಳು ಕಣೇ. ಪ್ರಾರ್ಥನೆ ಮುಗೀದೆ ಒಂದು ಗುಟುಕು ಕಾಫಿನೂ ಕುಡೀತಿರಲಿಲ್ಲ. ಸತ್ತೋರನ್ನ ಕೆದಕೋದು ಬಿಟ್ಟು ನಿಂಗೇನೂ ಕೆಲಸ ಇಲ್ವಾ?” ಎಂದು ಬೈದಳು.

ಅಂಥ ದೈವಭಕ್ತೆ ಒಂದು ಸಲವಾದರೂ ಜಾರಿರಲಿ, ಗಂಡ ಹಾಸಿಗೆ ಹಿಡಿದಾಗ ಆಳಿನ ಕೋಣೆಗೆ ಹೋಗಿರಲಿ ಎಂದು ನಾನೀಗ ದಿನವೂ ದೇವರಲ್ಲಿ ಬೇಡುತ್ತಿದ್ದೇನೆ. ನಗು ಬಂದರೆ ನಕ್ಕುಬಿಡು.

ರಕ್ತ ಕೊಟ್ಟರೆ ಗೊತ್ತಾಗುತ್ತದಂತೆ. ನನಗಿಲ್ಲವೆಂದರೆ ನಿನಗೂ ಇಲ್ಲ, ನಿನ್ನ ಕೂಸಿಗೂ ಇಲ್ಲ. ಇದೆಯೆಂದರೆ ಏನೆಂದು ಬರೆಯಲು ನನಗೆ ಧೈರ್ಯವಿಲ್ಲ. ಗುರುವಾರ ಆಸ್ಪತ್ರೆಗೆ ಹೋಗುತ್ತೇನೆ. ಜೊತೆಗೆ ಬರುತ್ತೀಯಾ?

ನಿನ್ನನ್ನು ಅಪ್ಪಿಕೊಂಡು,
ಅಮ್ಮ
ತುರಿಡ್

ಮರೆತ ಮಾತು: ಚಳಿ ಎಂದದ್ದು ಸುಳ್ಳು. ಒಲೆ ಚೆನ್ನಾಗಿ ಉರಿಯುತ್ತಿದೆ, ಮನೆ ಬೆಚ್ಚಗಿದೆ. ಮೇಲಿನ ಸಹಿಯೊಂದನ್ನು ಮಾತ್ರ ಪೆನ್ನಿನಲ್ಲಿ ಹಾಕಿದ್ದೇನೆ. ನೋಡಿ ಗಾಬರಿಯಾಗಬೇಡ, ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಹಾಕಿದೆ.