ಬೆಸುಗೆ ತಾತ ಮತ್ತು ಕುಂಟ ಪೆಂಗ್ವಿನ್

ರೊಸಾರಿಯೊ, ಸಲಾದಿಯೊ ಬಡಾವಣೆ
ಜೂನ್ ೨೩, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಲಿಚೊ,

ಹೇಗಿದ್ದೀಯ? ಮೊದಲು ಮಂಡಿಯ ವಿಷಯ ಹೇಳು. ಇಲ್ಲೇ ಈ ಸಲ ಜೂನಿನ ಚಳಿ ಎಲುಬಿನೊಳಗೆ ಇಳಿಯುತ್ತಿದೆ, ಇನ್ನು ದಕ್ಷಿಣದ ತುದಿಯ ಉಶುವಾಯಾದಲ್ಲಿ ಹಡಗುಗಳ ಕಂಬ ಹತ್ತಿ ರಾಡಾರ್ ರಿಪೇರಿ ಮಾಡುವ ನಿನ್ನ ಗತಿ ಏನು ಎಂದು ಬೆಳಗ್ಗೆ ಒಲೆ ಹಚ್ಚುವಾಗಲೆಲ್ಲ ಅಂದುಕೊಳ್ಳುತ್ತೇನೆ. ಉಣ್ಣೆಯ ಮಂಡಿಚೀಲ ಕಳಿಸಿದ್ದೆ, ತಲುಪಿತೇ? ಬಣ್ಣ ಚೆನ್ನಾಗಿಲ್ಲ ಎಂದು ಗೊತ್ತು. ಪ್ಯಾಂಟಿನೊಳಗೆ ಯಾರು ನೋಡುತ್ತಾರೆ, ಹಾಕಿಕೋ. ಕಾಗದದಲ್ಲಿ ಯಾಕೆ ಬರೆಯುತ್ತಿದ್ದಾಳೆ ಎಂದು ನಗಬೇಡ. ಫೋನಿನಲ್ಲಿ ನಾನು ಎಷ್ಟುದ್ದ ಬರೆದರೂ ನೀನು ಎತ್ತಿದ ಹೆಬ್ಬೆರಳ ಚಿತ್ರ ಒಂದನ್ನು ಕಳಿಸಿ ಮುಗಿಸುತ್ತೀ. ಕಾಗದಕ್ಕೆ ಹೆಬ್ಬೆರಳು ಕಳಿಸಲು ಬರುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಬೇಕರಿಯಲ್ಲಿ ಹೊಸ ಒಲೆ ಬಂದಿದೆ, ಅದಕ್ಕೆ ಬೆಂಕಿಗಿಂತ ಮೊದಲು ಪಾಸ್‌ವರ್ಡ್ ಬೇಕಂತೆ. ಮೊದಲ ದಿನ ಅದು ತಾನೇ ಏನನ್ನೋ ಅಪ್‌ಡೇಟ್ ಮಾಡಿಕೊಳ್ಳುತ್ತ ಕೂತಿತು, ಸಲಾದಿಯೊದ ಅರ್ಧ ಜನ ಬನ್ನಿಲ್ಲದೆ ಕಾಫಿ ಕುಡಿದರು. ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು, ಅವನು ಅದನ್ನು ತಕ್ಷಣ ಇಂಟರ್ನೆಟ್ಟಿನ "ಹಳೇ ಕಬ್ಬಿಣ" ಕೂಟದಲ್ಲಿ ಹಾಕಿಸಿದ. ಅಲ್ಲಿ ನಡೆದ ಗಲಾಟೆ ನಿನಗೆ ನೆನಪಿರಬೇಕು. ಫ್ಯೂಸ್ ಅನ್ನುವ ದಡಿಯ "ನಮ್ಮನೆ ಫ್ರಿಜ್ಜೂ ಹಂಗೇ ಮಾರಾಯ್ರೇ, ಹಾಲು ಹುಳಿಯಾಗಿದ್ದು ನನಗಿಂತ ಮೊದ್ಲು ಕಂಪನಿಗೆ ಗೊತ್ತಾಗತ್ತೆ" ಅಂದ. ಅದಕ್ಕೆ ಕುಂಟ ಪೆಂಗ್ವಿನ್ ಅನ್ನುವವನು "ನಿನ್ನ ಫ್ರಿಜ್ಜಿನಲ್ಲಿ ಹುಳಿಯಾಗೋ ತನಕ ಏನಾದ್ರೂ ಉಳಿಯುತ್ತಾ ಫ್ಯೂಸಪ್ಪ?" ಎಂದು ಕೇಳಿದ.

ನಿನಗೆ ನೆನಪಿರಬೇಕು ಎಂದು ಬರೆದೆ. ಹೌದು ಲಿಚೊ, ನನಗೆ ಗೊತ್ತು. ಆ ಪೆಂಗ್ವಿನ್ ನೀನು. ಅಪ್ಪನಿಗೂ ಗೊತ್ತು. ಬಹಳ ಕಾಲದಿಂದ ಗೊತ್ತು. ಕೂತುಕೊಂಡು ಓದು.

ಅಮ್ಮ ಹೋದ ಮೇಲೆ ಸ್ಮಶಾನದ ಗೇಟಿನಲ್ಲಿ ನೀನೂ ಅಪ್ಪನೂ ಆಡಿದ ಮಾತು ನಾನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನೀವಿಬ್ಬರೂ ಅದನ್ನು ಬೇರೆ ಬೇರೆ ಥರ ನೆನಪಿಟ್ಟಿರಬಹುದು, ಪಕ್ಕದಲ್ಲಿ ನಿಂತಿದ್ದವಳು ನಾನು. "ಒಂದು ಕ್ಯಾಶ್ ಮೆಷಿನ್ ಕೆಟ್ರೆ ರಿಪೇರಿಗೆ ರಾತ್ರಿಯೆಲ್ಲ ಕೂರ್ತಿದ್ದೆ ನೀನು. ಅಮ್ಮನ ಪಕ್ಕ ಎಷ್ಟು ಹೊತ್ತು ಕೂತೆ?" ಅಂದವನು ನೀನು. "ನನಗೆ ಇರೋದು ಒಬ್ಬಳೇ ಮಗಳು" ಅಂದವನು ಅವನು. ಯಾರದು ಸರಿ ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನೀನು ಭೂಪಟ ಮುಗಿಯುವ ಊರಿಗೆ ಹೋದೆ. ಅವನು ರಿಪೇರಿ ಅಂಗಡಿ ಮುಚ್ಚಿ ಅಡುಗೆಮನೆಯಲ್ಲಿ ಕೂತ. ಕೂತ ಎಂದರೆ ಕೂತೇ ಬಿಟ್ಟ. ಮಾಟೆ ಎಲೆಯ ಕಷಾಯ ಕುಡಿಯಲು ನೀರು ಕಾಯಿಸಿ, ಅದು ತಣ್ಣಗಾದ ಮೇಲೆ ಮತ್ತೆ ಕಾಯಿಸಿ, ದಿನ ಕಳೆಯುತ್ತಿದ್ದ.

ಅವನನ್ನು ಎಬ್ಬಿಸಿದ್ದು ದೆಲ್ಮಾ. ಗಣಿತದ ಟೀಚರಾಗಿದ್ದು ನಿವೃತ್ತಿಯಾದ ಹೆಂಗಸು, ಶನಿವಾರ ತಪ್ಪದೆ ನಮ್ಮ ಬೇಕರಿಗೆ ಬರುತ್ತಾಳೆ. ನೀನು ಅವಳನ್ನು ತುಕ್ಕುರಾಣಿ ಎಂಬ ಹೆಸರಿನಲ್ಲಿ ಬಲ್ಲೆ. ಹಳೆಯ ಕಂಪ್ಯೂಟರುಗಳ ಹುಚ್ಚರ ಕೂಟವೊಂದು ಇಂಟರ್ನೆಟ್ಟಿನಲ್ಲಿದೆ, ನಿಮ್ಮಪ್ಪನನ್ನು ಸೇರಿಸು ಎಂದವಳು ಅವಳೇ. ಅಪ್ಪನಿಗೆ ಬೆಸುಗೆ ತಾತ ಎಂದು ಹೆಸರಿಟ್ಟು ಸೇರಿಸಿದ್ದು ನಾನು. ಮೊದಲ ವಾರ ಒಂದು ಮಾತೂ ಬರೆಯಲಿಲ್ಲ. ಆಮೇಲೆ ಯಾರೋ ಬ್ಯಾಟರಿಯನ್ನು ಅಂಟು ಹಾಕಿ ಒಳಗೇ ಮುಚ್ಚಿಬಿಡುವ ತೆಳು ಲ್ಯಾಪ್‌ಟಾಪನ್ನು ಹೊಗಳಿದ. ಅಪ್ಪ ಎದ್ದು ಕನ್ನಡಕ ಹಾಕಿಕೊಂಡು ಎರಡು ಬೆರಳಿನಲ್ಲಿ ಕುಟ್ಟಿದ: "ತೆಗೆಯೋಕಾಗದ ಮುಚ್ಚಳ ಇರೋದು ಶವಪೆಟ್ಟಿಗೆಗೆ." ಅವತ್ತಿನಿಂದ ಅವನು ಬದುಕಿದ.

ನೀನು ಬಂದದ್ದು ಅದಾಗಿ ಕೆಲವು ತಿಂಗಳಿಗೆ. ಆಕಸ್ಮಿಕವಾಗಿ ಬಂದೆ ಎಂದು ನನಗೆ ಹೇಳಬೇಡ. ಬಂದವನೇ ಬೇರೆ ಯಾರನ್ನೂ ಮಾತಾಡಿಸದೆ ನೇರ ತಾತನ ಮೇಲೆ ಬಿದ್ದೆ. "ಏನ್ ಮುದುಕಪ್ಪ, ನಿನ್ನ ಕಾಲದ ಮೆಷಿನ್ ಆನ್ ಮಾಡಿ ಮದುವೆ ಮುಗಿಸಿಕೊಂಡು ಬಂದ್ರೂ ಇನ್ನೂ ಕಣ್ಣು ಬಿಡ್ತಿರಲಿಲ್ಲವಂತೆ?" ಅಪ್ಪ ಕುರ್ಚಿಯಿಂದ ಅರ್ಧ ಎದ್ದ. "ಲೇ ಪೆಂಗ್ವಿನ್, ನಿನ್ನ ಹಕ್ಕಿ ಗುರುತಿನ ಪುಕ್ಕಟೆ ಸಿಸ್ಟಮ್‌ನಲ್ಲಿ ಒಂದು ಪ್ರಿಂಟರ್ ಓಡಿಸೋಕೆ ಪಾದ್ರೀನ ಕರೆಸಿ ಮಂತ್ರ ಹಾಕಿಸ್ಬೇಕು, ನೀನು ನನಗೆ ಹೇಳ್ತೀಯ?" "ಪಾದ್ರಿ ಬಂದ್ರೆ ಸಾಕು. ನಿನ್ನ ದುಡ್ಡಿನ ಕಿಟಕಿ ಸಿಸ್ಟಮ್‌ಗೆ ಪೋಪ್ ಬಂದ್ರೂ ಕೆಟ್ಟು ನಿಲ್ಲೋ ನೀಲಿ ತೆರೆ ತಪ್ಪಲ್ಲ." ಹೀಗೆ ಶುರುವಾದದ್ದು. ಇಂಟರ್ನೆಟ್ಟಿನ ಮೋಡದಲ್ಲಿ ಫೋಟೋ ಇಡುವವರು ಪಕ್ಕದ ಮನೆಯಲ್ಲಿ ಪೆಟ್ಟಿಗೆ ಇಟ್ಟು ಬೀಗದ ಕೈಯನ್ನೂ ಅಲ್ಲೇ ಬಿಟ್ಟು ಬಂದವರು ಅಂತ ಅವನು. ಅಟ್ಟದ ಮೇಲೆ ಇಟ್ಟರೆ ಇಲಿಗೆ ಪಾಸ್‌ವರ್ಡ್ ಬೇಕಾಗಿಲ್ಲ ಅಂತ ನೀನು. ಮಾತಾಡುವ ಎಐ ಯಂತ್ರ ಬಂದಾಗಲಂತೂ ಆ ಜಗಳದಲ್ಲಿ ಒಂದು ವಾರ ನಮ್ಮ ಮನೆಯಲ್ಲಿ ಸರಿಯಾಗಿ ಅಡುಗೆಯಾಗಲಿಲ್ಲ. "ಕೇಳಿದ್ದಕ್ಕೆಲ್ಲ ಹೌದು ಸ್ವಾಮಿ ಅನ್ನೋ ಯಂತ್ರ ನನಗ್ಯಾಕೆ? ನನಗೆ ಎದುರು ಮಾತಾಡೋನು ಬೇಕು" ಎಂದು ಅಪ್ಪ ಬರೆದ. ಅದಕ್ಕೆ ನೀನು "ಅದಕ್ಕೇ ನಾನಿದ್ದೀನಲ್ಲ" ಅಂದೆ. ಕೂಟದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ, ಎದ್ದು ಹಿತ್ತಲಿಗೆ ಹೋದ.

ಅಷ್ಟು ಹೊತ್ತಿಗೆ ನೀನು ಯಾರೆಂದು ನಮಗೆ ಗೊತ್ತಾಗಿತ್ತು. ಅಪ್ಪ ತನ್ನ ಮೇಜಿನ ಫೋಟೋ ಹಾಕಿದ್ದನಲ್ಲ, ಅದಕ್ಕೆ ನೀನು "ಮೊದ್ಲು ಆ ಫೆರ್ಮೀನಾಳ ಜಡೆ ಬಿಡಿಸು ತಾತ, ಆಮೇಲೆ ನಮಗೆ ಪಾಠ ಹೇಳು" ಎಂದು ಬರೆದೆ. ಕೂಟದವರು ಇದು ಯಾವುದೋ ಉಶುವಾಯಾದ ಮಾತು ಅಂದುಕೊಂಡರು. ಮೇಜಿನ ಕೆಳಗೆ ಗಂಟು ಬಿದ್ದ ವೈರುಗಳನ್ನು ಅತ್ತೆಯ ಹೆಸರು ಹಿಡಿದು ಫೆರ್ಮೀನಾಳ ಜಡೆ ಎಂದು ಕರೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ, ನಮ್ಮಮ್ಮ. ನಾನು ಹಿಂದೆ ನಿಂತು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಅಪ್ಪನ ಬೆನ್ನು ನೆಟ್ಟಗಾಯಿತು. ಪರದೆಯ ಮೇಲೆ ಆ ಸಾಲನ್ನು ನಾನೂ ಓದಿದೆ. ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ದಿಂಬಿನ ಚೀಲವನ್ನು ಸುಟ್ಟಿತು. ಆ ಸಂಜೆ ಅವನು ಮೇಜಿನ ಕೆಳಗೆ ಕೂತು ಒಂದೊಂದೇ ವೈರು ಬಿಡಿಸಿದ. ಮಾರನೆಯ ದಿನ ನೋಡುತ್ತೇನೆ, ಮತ್ತೆ ಎಲ್ಲವನ್ನೂ ಗೋಜಲು ಮಾಡಿ ಇಟ್ಟಿದ್ದ.

ಇನ್ನೊಂದು ವಿಷಯ. ಅಮ್ಮ ಹೋದ ದಿನ ಆಗಸ್ಟಿನಲ್ಲಿ ಪ್ರತಿ ವರ್ಷ ಬರುತ್ತದಲ್ಲ, ಅವತ್ತು ಬೆಳಗ್ಗೆಯೇ ತಾತ "ನಮ್ಮ ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ನಾಳೆ ಬರ್ತೀನಿ" ಎಂದು ಬರೆಯುತ್ತಾನೆ. ಕರೆಂಟಿಲ್ಲದೆ ಹೇಗೆ ಬರೆದ ಎಂದು ಯಾರೂ ಕೇಳುವುದಿಲ್ಲ. ಅವತ್ತೇ ನಿನ್ನ ಕಡೆ ಗಾಳಿಗೆ ಲೈನು ಹರಿದಿರುತ್ತದೆ. ಹೋದ ವರ್ಷ ಫ್ಯೂಸ್ ಪಾಪ ತಮಾಷೆಗೆ "ಇದೇನ್ರಪ್ಪ, ನಿಮ್ಮಿಬ್ಬರಿಗೂ ಒಂದೇ ಮೀಟರಾ?" ಅಂದಿದ್ದ.

ಈಗ ಕೂಟದ ಊಟದ ವಿಷಯಕ್ಕೆ ಬರುತ್ತೇನೆ. ಈಸ್ಟರ್ ಕಳೆದ ಭಾನುವಾರ ದೆಲ್ಮಾಳ ಮನೆಯ ಹಿತ್ತಲಿನಲ್ಲಿ ಎಲ್ಲರೂ ಸೇರಿ ಮಾಂಸ ಸುಡುವುದು ಎಂದಾದಾಗ ನೀನೂ ಬರೆದಿದ್ದೆ: "ಗಾಳಿ ಬಿಟ್ಟರೆ ಬರ್ತೀನಿ. ತಾತನ ಮುಖ ನೋಡಬೇಕು." ಅವನು ಆ ಸಾಲನ್ನು ಎಷ್ಟು ಸಲ ಓದಿದನೋ. ಜನವರಿಯ ಬೇಸಿಗೆಯಲ್ಲಿ ನೀನು ಕೂಟದಲ್ಲಿ ಹೇಳಿಕೊಂಡಿದ್ದೆಯಲ್ಲ, ನಿನ್ನ ಮೊದಲ ಕಂಪ್ಯೂಟರನ್ನು, ಆ ಕ್ಯಾಸೆಟ್ ಹಾಕುವ ಪುಟ್ಟದನ್ನು, ಮನೆಯ ಮಹಾಶಯರೊಬ್ಬರು ಗುಜರಿಗೆ ಹಾಕಿದರು ಅಂತ? ಹಾಕಿರಲಿಲ್ಲ ಕಣೋ. ಹಿತ್ತಲ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರದ ಹಿಂದೆ ಇತ್ತು. ಅಪ್ಪ ಅದನ್ನು ಆಗಲೇ ಹೊರಗೆ ತೆಗೆದು ರಿಪೇರಿಗೆ ಕೂತ. ಕೀಲಿಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ, ನನ್ನದೇ ಬ್ರಷ್ಷು.

ಆ ಭಾನುವಾರ ಬಿಳಿ ಅಂಗಿ ಹಾಕಿಕೊಂಡ, ಅಮ್ಮನ ಕಾಲದ ಸೆಂಟು ಹಾಕಿಕೊಂಡ. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಒಳಗೆ ಮಗುವಿದೆ ಅಂದುಕೊಂಡು ಯಾರೋ ಎದ್ದು ಸೀಟು ಕೊಟ್ಟರು. ದೆಲ್ಮಾಳ ಹಿತ್ತಲಲ್ಲಿ ಅವನ ಪಕ್ಕದ ಕುರ್ಚಿಯ ಮೇಲೆ ಟೋಪಿ ಇಟ್ಟು ಯಾರನ್ನೂ ಕೂರಲು ಬಿಡಲಿಲ್ಲ. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದ. ಮಾಂಸ ಬಡಿಸುವ ಹೊತ್ತಿಗೆ ನಿನ್ನ ಸಂದೇಶ ಬಂತು, ವಿಮಾನ ಗಾಳಿಗೆ ನಿಂತಿದೆ ಅಂತ. ಅವತ್ತು ಉಶುವಾಯಾದಲ್ಲಿ ಗಾಳಿಯಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಮುಂದೆಯೂ ವಿಚಾರಿಸುವುದಿಲ್ಲ.

ಊಟವಾದ ಮೇಲೆ ಫ್ಯೂಸ್ "ಆ ಕಂಬಳಿ ಬಿಚ್ಚಿ ತಾತ, ಒಳಗೇನು ಹೆಣಾನಾ?" ಎಂದು ಕಾಡಿದ. ದೆಲ್ಮಾಳ ಹಳೆಯ ಟಿವಿಗೆ ಜೋಡಿಸಿದರು. ಒಳಗೆ ಒಂದು ಕ್ಯಾಸೆಟ್ ಹಾಗೇ ಇತ್ತು, ನಿನ್ನ ಕೈಬರಹದ ಚೀಟಿ ಅಂಟಿತ್ತು. ಅದು ಕಿರುಚಿ ಕಿರುಚಿ ಕೊನೆಗೆ ತೆರೆಯ ಮೇಲೆ ಒಂದು ಪ್ರಶ್ನೆ ಬಂತು: ನಿನ್ನ ಹೆಸರೇನು? ಫ್ಯೂಸ್ ತನ್ನ ಹೆಸರು ಕುಟ್ಟಿದ. ಬಂದ ಉತ್ತರವನ್ನು ಗಟ್ಟಿಯಾಗಿ ಓದಿದ: "ಅಪ್ಪಾ, ಅಮ್ಮ ಕರೀತಿದ್ದಾಳೆ, ಊಟಕ್ಕೆ ಬಾ." ಎಲ್ಲರೂ ಬಿದ್ದು ಬಿದ್ದು ನಕ್ಕರು. ದೆಲ್ಮಾ ಕುಟ್ಟಿದಳು, ಅದೇ ಉತ್ತರ. ಯಾರು ಏನು ಬರೆದರೂ ಅದೇ. ನೀನು ಅದನ್ನು ಬರೆದಾಗ ಎಷ್ಟು ಚಿಕ್ಕವನಿದ್ದೆ! ಅಂಗಡಿಯಿಂದ ಎದ್ದೇ ಬರದ ಅಪ್ಪನನ್ನು ಊಟಕ್ಕೆ ಎಬ್ಬಿಸಲು ಅಮ್ಮನೂ ನೀನೂ ಹೂಡಿದ ಉಪಾಯ.

"ಯಾವ ತಲೆಹರಟೆ ಬರೆದದ್ದು ಇದನ್ನ?" ಎಂದು ಫ್ಯೂಸ್ ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ಪೆಂಗ್ವಿನ್" ಅಂದ ಅಪ್ಪ. ಸ್ವಲ್ಪ ತಡೆದು, "ಅವನು ನನ್ನ ಮಗ" ಅಂದ.

ಏಳು ವರ್ಷದಲ್ಲಿ ಆ ಶಬ್ದ ಅವನ ಬಾಯಲ್ಲಿ ನಾನು ಕೇಳಿರಲಿಲ್ಲ, ಲಿಚೊ. ಟಿವಿಯ ಮೇಲೆ ಆ ಸಾಲು ಹಾಗೇ ಇತ್ತು. ಕೊನೆಗೆ ಫ್ಯೂಸನೇ, ಒಳ್ಳೆಯ ಮನುಷ್ಯ ಅವನು, "ಹಂಗಾದ್ರೆ ಇಷ್ಟು ದಿನ ನಾವು ನಿಮ್ಮನೆ ಜಗಳಾನ ಟಿಕೆಟ್ಟಿಲ್ಲದೆ ನೋಡ್ತಿದ್ವಾ ತಾತ?" ಅಂದ. ಅಪ್ಪ ನಕ್ಕ, ನಗುತ್ತಲೇ ಅತ್ತ. ನಿನಗೆ ಯಾರೂ ಹೇಳಕೂಡದು ಎಂದು ಎಲ್ಲರಿಂದ ಮಾತು ತೆಗೆದುಕೊಂಡ. ಅದಕ್ಕೇ ಮಾರನೆಯ ದಿನ ಕೂಟದಲ್ಲಿ ಯಾರೂ ಸೊಲ್ಲೆತ್ತಲಿಲ್ಲ, ನೀನು "ಏನ್ರಪ್ಪ, ಎಲ್ಲರಿಗೂ ಹೊಟ್ಟೆ ಕೆಟ್ಟಿದೆಯಾ?" ಎಂದು ಕೇಳಬೇಕಾಯಿತು. ನಾನು ಮಾತು ಕೊಟ್ಟಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ.

ಆ ಕಂಪ್ಯೂಟರ್ ಈಗ ನಿನ್ನ ಮಂಚದ ಪಕ್ಕದಲ್ಲಿದೆ. ನಿನ್ನ ಕೋಣೆಯನ್ನು ನಾನು ಬೇರೆ ಯಾವುದಕ್ಕೂ ಬಳಸಿಲ್ಲ, ಬರೀ ಹಿಟ್ಟಿನ ಚೀಲ ಇಟ್ಟಿದ್ದೇನೆ, ಅದನ್ನು ತೆಗೆಯಬಹುದು. ನೀನು ಕ್ಷಮೆ ಕೇಳಬೇಕೆಂದು ನಾನು ಬರೆಯುತ್ತಿಲ್ಲ. ಅವನೂ ಕೇಳುವವನಲ್ಲ, ಅವನ ಮೂಗು ನಿನಗೆ ಬಂದಿದೆ, ಮೂಗಿನ ಜೊತೆಗೆ ಉಳಿದದ್ದೂ ಬಂದಿದೆ. ನನಗೆ ಮಾತ್ರ ಒಂದು ಆಸೆ. ನೀವಿಬ್ಬರೂ ಒಂದೇ ಮೇಜಿನಲ್ಲಿ ಕೂತು ಕಿರುಚಾಡಬೇಕು, ನಾನು ಅಡುಗೆಮನೆಯಿಂದ ಸುಮ್ಮನಿರ್ರೋ ಎಂದು ಗದರಬೇಕು. ಈ ಮನೆಯಲ್ಲಿ ಗದರಲು ಯಾರೂ ಇಲ್ಲದೆ ನನ್ನ ಗಂಟಲು ತುಕ್ಕು ಹಿಡಿದಿದೆ.

ದೆಲ್ಮಾ ನಿನ್ನ ಕೆನ್ನೆಗೊಂದು ಮುತ್ತು, ಬೆನ್ನಿಗೊಂದು ಗುದ್ದು ಕಳಿಸಿದ್ದಾಳೆ. ಮಂಡಿ ಬೆಚ್ಚಗಿರಲಿ, ಊಟ ಬಿಡಬೇಡ, ಕಂಬ ಹತ್ತುವಾಗ ಹಗ್ಗ ಕಟ್ಟಿಕೋ. ಅಮ್ಮನ ಕೈ ಅಲ್ಲಿಯತನಕ ಚಾಚಿ ನಿನ್ನ ತಲೆ ಸವರಲಿ.

ನಿನ್ನ ಅಕ್ಕ,
ಬೀಬಿಯಾನಾ

ತಾ.ಕ., ಸೋಮವಾರ ಬೆಳಗ್ಗೆ: ಅಂಚೆಯವನು ಬೀದಿಯ ತಿರುವಿನಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪನ ಕಣ್ಣು ಹೋಗುತ್ತಿದೆ. ಅಂಚಿನಲ್ಲಿ ಏನೋ ಮಸುಕಾಗಿ ಕಾಣುತ್ತದೆ, ನಡುವೆ ಏನೂ ಇಲ್ಲ. ಸರಿಯಾಗುವುದಿಲ್ಲ ಅಂದರು ಡಾಕ್ಟರು. ಆ ಊಟದ ದಿನದಿಂದ ಅವನು ಒಂದಕ್ಷರ ಓದಿಲ್ಲ. ನೀನು ಬರೆದದ್ದನ್ನು ಓದಿ ಹೇಳುವವಳು ನಾನು, ಅವನು ಹೇಳಿದ್ದನ್ನು ಕುಟ್ಟುವವಳೂ ನಾನು. ಹೋದ ತಿಂಗಳು ನೀನು "ಮುದುಕಪ್ಪ, ಕಾಗುಣಿತ ಯಾವಾಗ ಕಲಿತೆ?" ಎಂದು ಕೇಳಿದೆಯಲ್ಲ, ಅದು ನನ್ನ ಕಾಗುಣಿತ. ಆದರೆ ಇದು ನಡೆಯುವುದಿಲ್ಲ ಲಿಚೊ. ನಿನ್ನ ಬೈಗುಳ ನಾನು ಓದಿದರೆ ಅವನು "ಹಂಗಲ್ಲ, ಅವನು ಹಂಗೆ ಹೇಳಲ್ಲ" ಎಂದು ತಡೆದು, ನಿನ್ನ ದನಿಯಲ್ಲಿ ತಾನೇ ಇನ್ನೊಮ್ಮೆ ಹೇಳಿಕೊಂಡು ಕೇಳುತ್ತಾನೆ. ನನಗೆ ಅದನ್ನು ನೋಡಲಾಗುವುದಿಲ್ಲ. ಮನೆಯ ಫೋನ್ ನಂಬರು ಹಳೆಯದೇ. ಸಂಜೆ ಮಾಟೆ ಹಿಡಿದು ಅವನು ಅದರ ಪಕ್ಕದಲ್ಲೇ ಕೂತಿರುತ್ತಾನೆ, ನಾನು ಎತ್ತುವುದಿಲ್ಲ. ಹೆಸರು ಹೇಳಬೇಡ, ಹೇಗಿದ್ದೀಯ ಎಂದೂ ಕೇಳಬೇಡ. ನೇರ ಬೈಯಲು ಶುರು ಮಾಡು.